4,500 ರೂಪಾಯಿಯ ಕ್ಲೌಡ್ ಚೇಂಬರ್: ನನ್ನ ಅನುಭವ

ನಮ್ಮ ಕ್ಲೌಡ್ ಚೇಂಬರ್ ಕೊನೆಗೂ ಕೆಲಸ ಮಾಡುತ್ತಿದೆ. ಕಣ್ಣಿಗೆ ಕಾಣದ ವಿಕಿರಣದ ಕಣಗಳು ಹಾದುಹೋದ ದಾರಿಯನ್ನು ಆಲ್ಕೋಹಾಲ್ ಆವಿಯಲ್ಲಿ ಮಂಜಿನ ಗೆರೆಯಾಗಿ ತೋರಿಸುವ ಪೆಟ್ಟಿಗೆ ಇದು. ಇದರ ತಳದ ತಟ್ಟೆ ತುಂಬ ತಣ್ಣಗಿರಬೇಕು. ನಾವು ತಣ್ಣಗಾಗಿಸಿದ್ದು ಡ್ರೈ ಐಸ್ (ಘನ ಇಂಗಾಲದ ಡೈಆಕ್ಸೈಡ್) ಇಲ್ಲದೆ, ಪೆಲ್ಟಿಯರ್‌ನಿಂದ. ಪದವಿ ಕಾಲೇಜಿನ ಲ್ಯಾಬಿನಲ್ಲಿ ಇದೆಲ್ಲ ಆಗುವ ಮಾತಲ್ಲ ಎಂದವರೇ ಜಾಸ್ತಿ. "ಸುಮ್ನೆ ಕೊಟೇಶನ್ ತರಿಸಿ ಸರ್, ರೆಡಿಮೇಡ್ ತಗೊಳ್ಳೋಣ" ಎಂದರು ಸಹೋದ್ಯೋಗಿಯೊಬ್ಬರು. ಕೊಟೇಶನ್ ಬಂತು, ಲಕ್ಷ ದಾಟಿತ್ತು. ನಮಗೆ ಖರ್ಚಾದದ್ದು ಹೆಚ್ಚುಕಡಿಮೆ 4,500.

ಪೆಲ್ಟಿಯರ್ ಅಂದರೆ ಕರೆಂಟ್ ಹರಿಸಿದರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುವ ಚಪ್ಪಟೆ ಬಿಲ್ಲೆ. ಬಳಸಿದವರಿಗೆ ಗೊತ್ತಿರುತ್ತದೆ, ತಲೆನೋವೆಲ್ಲ ಬಿಸಿ ಬದಿಯದ್ದು. 12706 ಮಾದರಿಯ ಎರಡು ಬಿಲ್ಲೆ ಒಂದರ ಮೇಲೊಂದು ಇಟ್ಟು ಎರಡಕ್ಕೂ 12 ವೋಲ್ಟ್ ಕೊಟ್ಟರೆ ಮೇಲಿನದರ ಬಿಸಿಯನ್ನು ಕೆಳಗಿನದು ಹೊರಲಾರದು. ತಟ್ಟೆ ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತಿತ್ತು. ಹಳೇ ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಿಂದ ಕೆಳಗಿನದಕ್ಕೆ 12, ಮೇಲಿನದಕ್ಕೆ 5 ಕೊಟ್ಟ ಮೇಲೆ ಮೈನಸ್ 20ಕ್ಕೆ ಬಂತು. ಅದೂ ಸಾಲದು. ಬಿಸಿ ಬದಿಯ ಫ್ಯಾನ್ ಕಿತ್ತು, ಮೀನಿನ ತೊಟ್ಟಿಯ ಪಂಪ್ ಹಾಕಿ ಐಸ್ ನೀರು ಹರಿಸಿದೆ. ಮೈನಸ್ 30 ಮುಟ್ಟಿತು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪೆಲ್ಟಿಯರ್ ಒಂದಕ್ಕೆ 200ರ ಹತ್ತಿರ. ಅಗ್ಗಕ್ಕೆ ಸಿಕ್ಕ ಲಾಟಿನಲ್ಲಿ ಅರ್ಧದಷ್ಟು ಸತ್ತವು, ದುಡ್ಡು ಹೋಗಿದ್ದೇ ಅಲ್ಲಿ. ಆವಿಗೆ ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ 99 ಪರ್ಸೆಂಟಿನದೇ ಬೇಕು. 70ರದ್ದು ಹಾಕಿದರೆ ಅದರ ನೀರು ತಟ್ಟೆಯ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಆಲ್ಕೋಹಾಲ್ ಹೀರಿಕೊಳ್ಳುವ ಫೆಲ್ಟ್ ಬಟ್ಟೆಯನ್ನು ಎಲ್ಲಿ ಅಂಟಿಸಬೇಕು, ಎಷ್ಟು ಒದ್ದೆ ಮಾಡಬೇಕು ಅನ್ನುವುದು ಸದ್ಯಕ್ಕೆ ನಮ್ಮ ಲ್ಯಾಬಿನ ಗುಟ್ಟು.

ದೀಪ ಆರಿಸಿ, ಎಲ್‌ಇಡಿಯನ್ನು ತಟ್ಟೆಯ ಮಟ್ಟಕ್ಕೆ ಪಕ್ಕದಿಂದ ಹಿಡಿಯಬೇಕು. ಮೊದಲು ಸಣ್ಣ ಜಡಿಮಳೆ ಕಾಣುತ್ತದೆ. ಆಮೇಲೆ ತಟ್ಟನೆ ಒಂದು ಬಿಳಿ ಗೆರೆ, ಕೂದಲಿನಷ್ಟು ತೆಳ್ಳಗೆ, ನೆಟ್ಟಗೆ. ಕ್ಷಣದಲ್ಲಿ ಕುಸಿದು ಹೋಗುತ್ತದೆ. ಹೀಗೆ ನೆಟ್ಟಗಿದ್ದರೆ ಸಾಮಾನ್ಯವಾಗಿ ಮ್ಯೂಯಾನ್, ಅಂದರೆ ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣ. ಸೊಟ್ಟಪಟ್ಟ ಓಡಿದರೆ ಎಲೆಕ್ಟ್ರಾನು. ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು 1 ಮ್ಯೂಯಾನ್ ಬೀಳುತ್ತದೆ. ಆದರೆ ಹೆಚ್ಚಿನವು ಮೇಲಿನಿಂದ ಇಳಿಯುವುದರಿಂದ ಈ ತೆಳು ಪದರದಲ್ಲಿ ಬರೀ ಚುಕ್ಕೆ. ಓರೆಯಾಗಿ ಬಂದವು ಮಾತ್ರ ಗೆರೆ ಎಳೆಯುತ್ತವೆ. ಇದನ್ನು ನಮ್ಮ ಬಿಎಸ್ಸಿ ಹುಡುಗಿಯೊಬ್ಬಳು ನೋಡಿ ನೋಡಿ ತಾನೇ ಕಂಡುಕೊಂಡಳು.

ನಡುವೆ ಬಲೂನಿನ ಹುಚ್ಚೂ ಹಿಡಿಯಿತು. ಬಲೂನನ್ನು ಉಣ್ಣೆಗೆ ಉಜ್ಜಿ, ಕಿಟಕಿ ಮುಚ್ಚಿದ ಸ್ಟೋರ್ ರೂಮಿನಲ್ಲಿ ಅರ್ಧ ಗಂಟೆ ನೇತುಹಾಕಿದೆವು. ಗಾಳಿಯಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲ ಇರುತ್ತದೆ, ಅದು ಒಡೆದು ಹುಟ್ಟುವ ಮರಿ ಪರಮಾಣುಗಳು ಬಲೂನಿಗೆ ಅಂಟಿಕೊಳ್ಳುತ್ತವೆ. ಗಾಳಿ ಬಿಟ್ಟು, ಒಂದು ಚೂರು ಕತ್ತರಿಸಿ ಒಳಗಿಟ್ಟರೆ ಆ ಪರಮಾಣುಗಳಿಂದ ಹೊರಡುವ ಆಲ್ಫಾ ಕಣಗಳ ದಪ್ಪ, ಗಿಡ್ಡ ಗೆರೆಗಳು ಸಾಲುಸಾಲು. ಮುಕ್ಕಾಲು ಗಂಟೆಯಲ್ಲಿ ಅರ್ಧಕ್ಕಿಳಿದವು. ಹಾಫ್ ಲೈಫ್ (ವಿಕಿರಣ ಅರ್ಧಕ್ಕಿಳಿಯುವ ಅವಧಿ) ಪಾಠಕ್ಕೆ ಇದಕ್ಕಿಂತ ಬೇಕಾ?

ನನ್ನ ಸಿಟ್ಟು ಇರುವುದು ನಮ್ಮ ಖರೀದಿ ಚಾಳಿಯ ಮೇಲೆ. ಬಿಲ್ ಇದ್ದರೆ ಉಪಕರಣ, ಕೈಯಲ್ಲಿ ಕಟ್ಟಿದರೆ ಆಟದ ಸಾಮಾನು. ಈ ಪೆಟ್ಟಿಗೆಯ ಮೂಲಪುರುಷ ವಿಲ್ಸನ್ ಗಾಜನ್ನು ತಾನೇ ಊದುತ್ತಿದ್ದ, 1927ರಲ್ಲಿ ನೊಬೆಲ್ ಪಡೆದ. ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಕೋಲಾರದ ಚಿನ್ನದ ಗಣಿಗೆ ವಿಕಿರಣ ಎಣಿಸುವ ಗೈಗರ್ ಕೌಂಟರ್ ಇಳಿಸಿ ಮ್ಯೂಯಾನ್ ಎಣಿಸಿದರು. ಆ ಗಣಿಯಲ್ಲೇ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ಭಾರತ, ಜಪಾನ್, ಬ್ರಿಟನ್ನಿನವರು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣದ ಗುರುತು ಹಿಡಿದರು. ನಮ್ಮ ರಾಜ್ಯದ ನೆಲದಲ್ಲೇ ಆದದ್ದು ಇದು. ಎಷ್ಟು ಭೌತಶಾಸ್ತ್ರ ಮೇಷ್ಟರು ಇದನ್ನು ಕ್ಲಾಸಿನಲ್ಲಿ ಹೇಳುತ್ತೇವೆ?

ಈಗಿನ ತಟ್ಟೆ 4 ಸೆಂಟಿಮೀಟರಿನದು. 8ಕ್ಕೆ ಹೋಗಬೇಕೆಂದರೆ ನಾಲ್ಕು ಜೋಡಿ ಪೆಲ್ಟಿಯರ್ ಬೇಕು, ಒಂದು ಎಸ್‌ಎಂಪಿಎಸ್ ಎಳೆಯುವುದಿಲ್ಲ. ಗುಜರಿ ಅಂಗಡಿಯಲ್ಲಿ ಇನ್ನೆರಡಕ್ಕೆ ಹೇಳಿಟ್ಟಿದ್ದೇನೆ.