ಮಗ ಮನೆಯಲ್ಲೇ ಕುಡಿದರೆ ಯಾರಿಗೆ, ಯಾವಾಗ, ಏನು ಹೇಳಬೇಕು

"ಆಚೆ ತೋಟದಲ್ಲಿ ಕದ್ದು ಕುಡಿಯೋದಕ್ಕಿಂತ ನಮ್ಮ ಕಣ್ಣೆದುರೇ ಒಂದು ಗ್ಲಾಸ್ ಕುಡೀಲಿ ಬಿಡಿ." ಯುಗಾದಿಯ ಮರುದಿನ, ಹೊಸತೊಡಕಿನ ಬಾಡೂಟದ ದಿನ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಈ ಮಾತು ಕೇಳದ ಮನೆ ಕಡಿಮೆ. ಮಾತಿನ ಹಿಂದೆ ನಿಜವಾದ ಭಯವೊಂದಿದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಕಾಲು ಜಾರಿದರೆ ಈಜು ಬಲ್ಲವನಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಕುಡಿದವನ ಗತಿ ಕೇಳುವುದೇ ಬೇಡ. ಹಾಗೆಂದು ಮನೆಯಲ್ಲಿ ಸುರಿದು ಕೊಡುವುದು ಪರಿಹಾರವಲ್ಲ. ನಾನು ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಶುಶ್ರೂಷಾಧಿಕಾರಿ, ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದಾರೆ. ನಮ್ಮ ಮನೆಯ ಕಟ್ಟುಪಾಡು ಇಷ್ಟು: 18 ತುಂಬದವರಿಗೆ ನಮ್ಮ ಕೈಯಿಂದ ಒಂದು ಗುಟುಕೂ ಇಲ್ಲ. ಆದರೂ ಯಾರಾದರೂ ಕುಡಿದರೆ, ಆ ಸಂಗತಿಯನ್ನು ಯಾರಿಂದಲೂ ಮುಚ್ಚಿಡುವುದಿಲ್ಲ.

ಮೊದಲನೆಯದಕ್ಕೆ ಕಾರಣ ಎರಡು. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪ್ಪ ಅಮ್ಮನೇ ಕೊಟ್ಟರೆ ಮಕ್ಕಳು ಹದ್ದುಬಸ್ತಿನಲ್ಲಿ ಇರುತ್ತಾರೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಅಂಥ ಮಕ್ಕಳು ಹೊರಗಿನವರಿಂದಲೂ ತರಿಸಿಕೊಂಡು ಕುಡಿಯುವುದೇ ಹೆಚ್ಚಿತ್ತು. ಎರಡನೆಯ ಕಾರಣ ಕಾನೂನು. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಕೊಟ್ಟವರು ಅಪ್ಪನೇ ಆದರೂ ವಿನಾಯಿತಿ ಇಲ್ಲ. 78ನೇ ಕಲಂ ಇನ್ನೂ ಹತ್ತಿರದ್ದು: ಮದ್ಯ ಸಾಗಿಸಲು ಮಗುವನ್ನು ಬಳಸಿದರೂ ಅದೇ ಶಿಕ್ಷೆ. "ಹೋಗೋ, ವೈನ್ಸ್‌ನಿಂದ ಎರಡು ಕ್ವಾರ್ಟರ್ ತಗೊಂಡ್ಬಾ" ಎಂದು ಹುಡುಗನನ್ನು ಓಡಿಸುವ ಮಾವಂದಿರಿಗೆ ಇದನ್ನು ಊಟಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಗುತ್ತಾರೆ, ಆದರೆ ಆಮೇಲೆ ತಾವೇ ಎದ್ದು ಹೋಗುತ್ತಾರೆ.

ಮಕ್ಕಳಿಗೂ ದೊಡ್ಡವರಿಗೂ ಒಟ್ಟಿಗೆ ಹೇಳಬೇಕಾದದ್ದು ಗ್ರಾಂ ಲೆಕ್ಕ. ನಮ್ಮ ವಿಸ್ಕಿ, ಬ್ರಾಂಡಿ, ರಮ್ ಎಲ್ಲದರಲ್ಲೂ ಶೇ. 42.8 ಆಲ್ಕೋಹಾಲ್. 30 ಎಂ.ಎಲ್.ನಲ್ಲಿ ಸುಮಾರು 10 ಗ್ರಾಂ; 90 ಎಂ.ಎಲ್.ನ ನೈಂಟಿಯಲ್ಲಿ 30, 180 ಎಂ.ಎಲ್.ನ ಕ್ವಾರ್ಟರ್‌ನಲ್ಲಿ 60. ಶೇ. 8ರ ಸ್ಟ್ರಾಂಗ್ ಬಿಯರ್ 650 ಎಂ.ಎಲ್. ಬಾಟಲಿನಲ್ಲಿ 41 ಗ್ರಾಂ. ಅಂದರೆ "ಬರೀ ಬಿಯರ್ ತಾನೇ" ಎನ್ನುವ ಆ ಒಂದು ಬಾಟಲು ನೈಂಟಿಗಿಂತ ಹೆಚ್ಚು. 50 ಕೆ.ಜಿ. ತೂಗುವ ಹುಡುಗ ಖಾಲಿ ಹೊಟ್ಟೆಯಲ್ಲಿ ಒಂದು ನೈಂಟಿ ಏರಿಸಿದರೆ 100 ಎಂ.ಎಲ್. ರಕ್ತಕ್ಕೆ 80 ಮಿ.ಗ್ರಾಂ. ಆಸುಪಾಸು ಮುಟ್ಟಬಹುದು. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 30. ಲಿವರ್ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ ಮಾತ್ರ. ಕಾಫಿ, ಸ್ನಾನ, ನಿಂಬೆಹಣ್ಣು ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಕ್ವಾರ್ಟರ್ ಮುಗಿಸಿದವನು ಬೆಳಿಗ್ಗೆ ಏಳಕ್ಕೆ ಬೈಕ್ ಹತ್ತಿದರೆ ಅಮಲು ಇನ್ನೂ ಮೈಯಲ್ಲಿದ್ದರೂ ಆಶ್ಚರ್ಯವಿಲ್ಲ.

ಹಬ್ಬಕ್ಕೆ ಮುಂಚಿನ ತಯಾರಿ ದೊಡ್ಡದೇನಲ್ಲ. ಬಾಟಲುಗಳು ಬೀರುವಿನೊಳಗೆ, ಬೀಗದ ಕೈ ಒಬ್ಬರ ಬಳಿ. ಎಷ್ಟು ಉಳಿದಿದೆ ಎಂದು ಲೇಬಲ್ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯುತ್ತೇವೆ, ಎಳೆದಿದ್ದೇವೆ ಎಂದು ಮಕ್ಕಳಿಗೇ ಹೇಳುತ್ತೇವೆ. ಕದ್ದು ಹಿಡಿಯುವ ಪತ್ತೇದಾರಿಕೆ ನನಗೆ ಇಷ್ಟವಿಲ್ಲ. ಗೆರೆ ಸರಿಯಾಗಿದ್ದು ನೀರು ಬೆರೆಸಿದ್ದಾರೆಂಬ ಅನುಮಾನ ಬಂದರೆ ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟು ನೋಡಿ: ಅಸಲಿ ವಿಸ್ಕಿ ಮನೆಯ ಫ್ರೀಜರ್‌ನಲ್ಲಿ ಗಟ್ಟಿಯಾಗುವುದಿಲ್ಲ, ಅರ್ಧಕ್ಕರ್ಧ ನೀರು ಸೇರಿದ್ದು ಹರಳುಗಟ್ಟುತ್ತದೆ. ದೊಡ್ಡವರಲ್ಲಿ ಒಬ್ಬರು ಆ ದಿನ ಕುಡಿಯುವುದಿಲ್ಲ, ಎಲ್ಲ ಬೈಕ್‌ಗಳ ಕೀ ಅವರ ಜೇಬಿನಲ್ಲಿ. ಗ್ಲಾಸಿನ ತಳದಲ್ಲಿ ಉಳಿದದ್ದನ್ನು ಊಟಕ್ಕೆ ಏಳುವ ಮೊದಲೇ ಸಿಂಕಿಗೆ ಚೆಲ್ಲುತ್ತೇವೆ. ಸಣ್ಣವರ ಮೊದಲ ಗುಟುಕು ಬಹಳ ಸಲ ಆ ಉಳಿಕೆಯದೇ. ಟೆರೇಸ್‌ಗೆ ಕಟ್ಟೆ ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಇಷ್ಟಾದರೂ ಕುಡಿದು ಬಂದ ಎನ್ನಿ. ಆ ರಾತ್ರಿ ವಿಚಾರಣೆ ಬೇಡ, ಏಟಂತೂ ಬೇಡವೇ ಬೇಡ. ಕೇಳಬೇಕಾದ್ದು ನಾಲ್ಕೇ: ಏನು ಕುಡಿದೆ, ಎಷ್ಟು, ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದರು. ಉತ್ತರವನ್ನು ಮೊಬೈಲ್‌ನಲ್ಲಿ ಸಮಯದ ಸಮೇತ ಬರೆದಿಡುತ್ತೇನೆ. ಕೊನೆಯ ಗುಟುಕು ಇಳಿದ ಮೇಲೂ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ರಕ್ತದಲ್ಲಿ ಪ್ರಮಾಣ ಏರುತ್ತಲೇ ಇರುತ್ತದೆ. ಹಾಗಾಗಿ "ಮಲಗಿದ, ಸದ್ಯ" ಎಂದು ಬಾಗಿಲು ಹಾಕಿಕೊಳ್ಳುವ ಹೊತ್ತೇ ಅಪಾಯದ ಹೊತ್ತು. ಪಕ್ಕಕ್ಕೆ ಮಲಗಿಸಿ, ಮೇಲಿನ ಮಂಡಿ ಮಡಚಿ ಮುಂದಕ್ಕೆ ಇರಿಸಿ, ಮಗುಚಿ ಅಂಗಾತ ಆಗದಂತೆ ಬೆನ್ನಿಗೆ ದಿಂಬು ಒತ್ತಿಡಿ. ಅಂಗಾತ ಮಲಗಿದವನ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಪೂರ್ತಿ ಎಚ್ಚರವಿದ್ದು ನುಂಗಬಲ್ಲನಾದರೆ ಸಕ್ಕರೆ ನೀರು ಗುಟುಕು ಗುಟುಕಾಗಿ ಕೊಡಿ, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ಆಲ್ಕೋಹಾಲ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ತೂಕಡಿಸುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಕೊಡಗಟ್ಟಲೆ ತಣ್ಣೀರು ಸುರಿಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು, ಎರಡೂ ಕೆಟ್ಟವು. ಮೊದಲನೆಯದು ಉಸಿರುಗಟ್ಟಿಸಬಹುದು, ಎರಡನೆಯದು ಮೊದಲೇ ಇಳಿದಿರುವ ಮೈಶಾಖವನ್ನು ಇನ್ನೂ ಇಳಿಸುತ್ತದೆ.

ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಎಂಟಕ್ಕಿಂತ ಕಡಿಮೆ, ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ, ತುಟಿ ನೀಲಿ, ಫಿಟ್ಸ್, ಜಿಗುಟಿದರೂ ಎಚ್ಚರವಾಗದಿರುವುದು, ಬಿದ್ದು ತಲೆಗೆ ಪೆಟ್ಟು: ಇವುಗಳಲ್ಲಿ ಒಂದು ಕಂಡರೂ 108. ಸೀಲ್ ಇಲ್ಲದ ಬಾಟಲಿನಿಂದ ಕುಡಿದಿದ್ದು ಮರುದಿನ ಕಣ್ಣು ಮಂಜಾದರೂ ಅಷ್ಟೇ ತುರ್ತು.

ಆಸ್ಪತ್ರೆಗೆ ಬಂದ ಮೇಲೆ ಅಪ್ಪ ಅಮ್ಮ ಹೇಳುವ ಸುಳ್ಳು ನಮಗೆ ಬಾಯಿಪಾಠ: "ಬಾಡೂಟ ಹೊಂದಲಿಲ್ಲ ಸಿಸ್ಟರ್, ಗ್ಯಾಸ್ಟ್ರಿಕ್ಕು." ಮಾನದ ಪ್ರಶ್ನೆ, ಅರ್ಥವಾಗುತ್ತದೆ. ಆದರೆ ವಾಂತಿ ನಿಲ್ಲಿಸುವ ಕೆಲವು ಇಂಜೆಕ್ಷನ್‌ಗಳು ನಿದ್ದೆ ತರಿಸುತ್ತವೆ. ಅಮಲಿನ ಮೇಲೆ ಅದೂ ಸೇರಿದರೆ ಉಸಿರಾಟ ಇನ್ನಷ್ಟು ಕುಗ್ಗುತ್ತದೆ. ಬೀರುವಿನಲ್ಲಿದ್ದ ನಿದ್ದೆ ಮಾತ್ರೆ, ತೋಟದ ಔಷಧಿ ಏನಾದರೂ ಸೇರಿರಬಹುದೆಂಬ ಸಂಶಯವಿದ್ದರೆ ಅದನ್ನೂ ಹೇಳಿ, ಡಬ್ಬಿ ಕೈಯಲ್ಲಿ ಹಿಡಿದು ಬನ್ನಿ.

ಅದಕ್ಕಿಂತ ಕಷ್ಟದ್ದು ಬೇರೆಯವರ ಮಕ್ಕಳ ವಿಷಯ. ನಮ್ಮ ಮನೆಯಲ್ಲಿ ಅವರ ಹುಡುಗ ಕುಡಿದಿದ್ದರೆ ಅವರಿಗೆ ಅದೇ ರಾತ್ರಿ ಫೋನ್ ಹೋಗಬೇಕು. "ಬೆಳಿಗ್ಗೆ ಹೇಳಿದರಾಯ್ತು" ಎಂದು ಮಲಗಿಸಿಕೊಂಡರೆ ಜವಾಬ್ದಾರಿ ಪೂರ್ತಿ ನಮ್ಮದು. ಮಾತು ಚಿಕ್ಕದಿರಲಿ: "ಅಕ್ಕ, ನಿಮ್ಮ ಹುಡುಗ ನಮ್ಮನೇಲಿ ಕುಡಿದಿದ್ದಾನೆ. ಒಂದು ಬಿಯರ್ ಅಂತ ಹೇಳ್ತಿದ್ದಾನೆ, ಒಂಬತ್ತು ಗಂಟೆಗಂತೆ. ಎಚ್ಚರವಾಗಿದ್ದಾನೆ, ಮಾತಾಡ್ತಿದ್ದಾನೆ. ಅಣ್ಣನ್ನ ಕಳಿಸಿ, ಬೈಕಲ್ಲಿ ಮಾತ್ರ ನಾನು ಬಿಡಲ್ಲ." ನಮ್ಮವನು ಕುಡಿಸಿದನೋ ಅವನೇ ತಂದನೋ ಎಂಬ ವಾದಕ್ಕೆ ಆಗ ಇಳಿಯಬಾರದು. ಬಾಟಲು ನಮ್ಮ ಬೀರುವಿನದಾಗಿದ್ದರೆ ಮಾತ್ರ ಅದನ್ನೂ ಹೇಳಿಬಿಡಬೇಕು. ಬೈಕಿನ ವಿಷಯದಲ್ಲಿ ಸಡಿಲ ಬೇಡ: 18 ತುಂಬದವನು ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಮಾತುಕತೆ ಮರುದಿನ, ಹೊಟ್ಟೆಗೆ ಮುದ್ದೆ ಬಿದ್ದ ಮೇಲೆ, ನೆಂಟರೆಲ್ಲ ಹೋದ ಮೇಲೆ. ಹುಡುಗ ಮೊದಲು ಎಸೆಯುವ ಪ್ರಶ್ನೆ ಗೊತ್ತಿರುವುದೇ: "ನೀನು ಕುಡೀತೀಯಲ್ಲಪ್ಪ?" "ದೊಡ್ಡವರ ವಿಷಯ ನಿನಗ್ಯಾಕೆ" ಎಂದರೆ ಮಾತು ಅಲ್ಲಿಗೇ ಮುಗಿಯಿತು. ಕುಡಿಯುವುದು ನಿಜವಾದರೆ ಅಪ್ಪ ಒಪ್ಪಿಕೊಳ್ಳಲಿ, ವಾರಕ್ಕೆ ಎಷ್ಟು ಎಂಬುದನ್ನೂ ಹೇಳಲಿ, ಬಿಡಲಾಗುತ್ತಿಲ್ಲ ಎನ್ನುವುದಿದ್ದರೆ ಅದನ್ನೂ. "ದೇಹಕ್ಕೆ ಒಳ್ಳೇದು ಅಂತ ಕುಡೀತೀನಿ" ಎಂಬ ಮಾತನ್ನು ಯಾವ ಹುಡುಗನೂ ನಂಬುವುದಿಲ್ಲ. ದೇವರ ಮುಂದೆ ಆಣೆ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ: ಆಣೆ ಮುರಿದವನು ಮುಂದಿನ ಸಲ ತೊಂದರೆಯಲ್ಲಿದ್ದಾಗಲೂ ಫೋನ್ ಮಾಡುವುದಿಲ್ಲ. ಶಿಕ್ಷೆ ಬೇಕು, ಚಿಕ್ಕದಾಗಿ, ದಿನ ಹೇಳಿ: ಒಂದು ತಿಂಗಳು ಸಂಜೆ ಏಳರ ಮೇಲೆ ಹೊರಗೆ ಇಲ್ಲ, ಕೈಖರ್ಚಿಗೆ ಲೆಕ್ಕ. ತಾನೇ ಫೋನ್ ಮಾಡಿ ನಮ್ಮನ್ನು ಕರೆಸಿಕೊಂಡಿದ್ದರೆ ಶಿಕ್ಷೆಯಲ್ಲಿ ಅರ್ಧ ಕಡಿತ.

ಒಬ್ಬನೇ ಕುಡಿಯುವುದು, ಬೆಳಿಗ್ಗೆಯೇ ಕುಡಿಯುವುದು, ಅದಕ್ಕಾಗಿ ದುಡ್ಡು ಕದಿಯುವುದು, ರಾತ್ರಿ ನಡೆದದ್ದು ನೆನಪೇ ಇಲ್ಲದಿರುವುದು ಕಂಡರೆ ಮನೆಯ ಮಾತು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ, ಹಗಲು ರಾತ್ರಿ ಮಾತಾಡುತ್ತಾರೆ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ಚೀಟಿ ಕೌಂಟರ್‌ನಲ್ಲಿ ಕೇಳಿಕೊಂಡು ಹೋಗಿ. ಅಮ್ಮನನ್ನು ಮಾತ್ರ ಕಳಿಸಬೇಡಿ, ಅಪ್ಪನೂ ಹೋಗಲಿ. ಮನೆಯಲ್ಲಿ ಯಾರು ಎಷ್ಟು ಕುಡಿಯುತ್ತಾರೆ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಹುಡುಗ ಪಕ್ಕದ ಕುರ್ಚಿಯಲ್ಲೇ ಇರುತ್ತಾನೆ. ಅವನ ಮುಂದೆಯೇ ಸರಿಯಾದ ಲೆಕ್ಕ ಹೇಳಿ.