ಆಮೆಮರಿಯ ಮನೆಗೆ ಮೊದಲು ಬೇಕಾದದ್ದು ಒದ್ದೆ ಮಣ್ಣು

ಚುಕ್ಕಿ ನಮ್ಮ ಮನೆಗೆ ಬಂದ ದಿನ ಅಡುಗೆಮನೆಯ ತಕ್ಕಡಿಯಲ್ಲಿ 38 ಗ್ರಾಂ ತೂಗಿತು. ಸಾರಿಗೆ ನೆನೆಹಾಕುವ ನಿಂಬೆಗಾತ್ರದ ಹುಣಸೆಹಣ್ಣು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಏಳು ತಿಂಗಳ ಹರ್ಮನ್ ಆಮೆಮರಿ. ಹಳದಿ ಚಿಪ್ಪಿನ ಮೇಲೆ ಕಪ್ಪು ಮಚ್ಚೆಗಳು, ಬಾಲದ ತುದಿಯಲ್ಲಿ ಪುಟ್ಟ ಕೊಂಬಿನಂಥ ಮೊನೆ. ಮೂರು ವಾರ ಕಳೆಯಿತು, ಅದೇ ತಕ್ಕಡಿ 35 ಎಂದಿತು. ಬೆಳೆಯಬೇಕಾದ ಮರಿ ಇಳಿದಿತ್ತು, ಮತ್ತು ಅದಕ್ಕೆ ನಾನು ಕಟ್ಟಿಕೊಟ್ಟ ಮನೆಯೇ ಕಾರಣವಾಗಿತ್ತು. ಆ ಮನೆಯನ್ನು ಬಿಚ್ಚಿ ಮತ್ತೆ ಕಟ್ಟಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಊರಿನಲ್ಲಿ ಆಮೆ ಸಾಕುತ್ತೇವೆಂದರೆ ಬಹುಪಾಲು ಸಿಗುವುದು ನಕ್ಷತ್ರ ಆಮೆ. ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದವಾದ ಸೈಟ್ಸ್‌ನ ಮೊದಲನೆಯ, ಅಂದರೆ ಅತಿ ಬಿಗಿಯಾದ, ಪಟ್ಟಿಗೂ 2019ರಲ್ಲಿ ಅದನ್ನು ಸೇರಿಸಿದರು. ಮನೆಯಲ್ಲಿಟ್ಟರೆ ಲಕ್ಷ್ಮಿ ಒಲಿಯುತ್ತಾಳೆಂದು ಕೊಳ್ಳುವವರು ಇರುವುದರಿಂದಲೇ ಬಯಲುಸೀಮೆಯ ಕುರುಚಲು ಕಾಡು ಬರಿದಾಗುತ್ತಿದೆ. ಕೋಲಾರದ ಕಡೆಯ ನಮ್ಮೂರಿನಲ್ಲಿ ಚಿಕ್ಕಂದಿನಲ್ಲಿ ನಾನೂ ಒಂದನ್ನು ಎತ್ತಿಕೊಂಡು ಮನೆಗೆ ಬಂದಿದ್ದೆ. ತಾತ ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡು ರಾಗಿಹೊಲದ ಬದುವಿನವರೆಗೂ ನಡೆಸಿಕೊಂಡು ಹೋದರು. "ಎಲ್ಲಿಂದ ತಂದೆಯೋ ಅಲ್ಲೇ ಬಿಡಮ್ಮ, ಅದರ ಮನೆ ಅದಕ್ಕೆ ಗೊತ್ತು" ಎಂದು ಅದೇ ಲಂಟಾನ ಪೊದೆಯ ಬುಡದಲ್ಲಿ ಬಿಡಿಸಿದರು. ಈ ಬರಹ ಓದಿ ಊರಿನಲ್ಲಿ ಯಾರಾದರೂ ನಕ್ಷತ್ರ ಆಮೆ ಹುಡುಕಲು ಹೊರಟರೆ ನನ್ನ ಶ್ರಮ ವ್ಯರ್ಥ. ದಯವಿಟ್ಟು ಬೇಡ.

ಹರ್ಮನ್ ಆಮೆ ಇಟಲಿ, ದಕ್ಷಿಣ ಫ್ರಾನ್ಸ್, ಬಾಲ್ಕನ್ ನಾಡುಗಳದ್ದು. ಒಂದು ಕಾಲದಲ್ಲಿ ಅವನ್ನು ಅಲ್ಲಿಂದ ಪೆಟ್ಟಿಗೆಗಟ್ಟಲೆ ಹಿಡಿದು ತಂದು ಇಲ್ಲಿ ಮಾರುತ್ತಿದ್ದರು. 1984ರಲ್ಲಿ ಆ ಆಮದು ನಿಂತಿತು. ಈಗ ಸಿಗುವುದು ಇಲ್ಲೇ ಸಾಕಿದ ಆಮೆಗಳ ಮೊಟ್ಟೆಯೊಡೆದು ಬಂದ ಮರಿಗಳು. ಮಾರುವವರು ಸರ್ಕಾರದ ಪ್ರಮಾಣಪತ್ರವನ್ನು ಜೊತೆಗೆ ಕೊಡಲೇಬೇಕು. ಮಗಳಿಗೆ ಒಂಬತ್ತು ತುಂಬಿದಾಗ ಒಂದೂವರೆ ವರ್ಷದ ಅವಳ ಹಟಕ್ಕೆ ಒಪ್ಪಿ, ಮನೆಯಲ್ಲೇ ಮರಿ ಮಾಡಿಸುವ ಹಿರಿಯ ಮಹಿಳೆಯೊಬ್ಬರಿಂದ ಕಾಗದಪತ್ರ ಸಮೇತ ಚುಕ್ಕಿಯನ್ನು ತಂದೆವು. ಐವತ್ತು ವರ್ಷ ದಾಟಿ ಬದುಕಬಲ್ಲ ಜೀವ. ನನಗಿಂತ ಹೆಚ್ಚು ಕಾಲ ಮಗಳ ಜೊತೆಗಿರಬಹುದು ಎಂಬ ಯೋಚನೆಯಿಂದಲೇ ನಾನು ಒಪ್ಪಿದ್ದು.

ಮೊದಲನೆಯ ಮನೆಯನ್ನು ಅಂಗಡಿಯವರ ಮಾತು ಕೇಳಿ ಮಾಡಿದೆ. ಮೇಲ್ಭಾಗ ತೆರೆದ ಮರದ ತೊಟ್ಟಿ, ಎರಡು ಬೆರಳು ದಪ್ಪ ಒಣ ಮರಳು, ಒಂದು ಕಡೆ 100 ವ್ಯಾಟ್‌ನ ದೀಪ, ಇನ್ನೊಂದು ಕಡೆ ಮರದ ಪುಟ್ಟ ಗೂಡು. ಗೋಡೆಗೆ ಅಂಟಿಸಿದ ಮುಳ್ಳಿನ ಮಾಪಕ ತೇವಾಂಶ ಶೇಕಡಾ 60 ಎಂದು ತೋರಿಸುತ್ತಿತ್ತು. ನೋಡಲು ಅಚ್ಚುಕಟ್ಟಾಗಿತ್ತು. ಆಮೆ ಎಂದರೆ ಬಿಸಿಲು, ಬಂಡೆ, ಬರಡು ನೆಲ ಎಂಬ ಚಿತ್ರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು.

ಎರಡನೆಯ ವಾರಕ್ಕೆ ಚುಕ್ಕಿ ದಿನವಿಡೀ ಗೂಡಿನ ಹಿಂದಿನ ಮೂಲೆಯಲ್ಲಿ ಮುಖ ಒತ್ತಿಕೊಂಡು ಮಲಗತೊಡಗಿತು. ಕಣ್ಣು ಅರ್ಧ ತೆರೆಯುತ್ತಿತ್ತು. ಒಂದು ಬೆಳಿಗ್ಗೆ ಮರಳಿನ ಮೇಲೆ ಬಿಳಿಯ ಚಿಟಿಕೆ ಕಂಡಿತು. ಆಮೆಗಳ ಮೂತ್ರದ ಜೊತೆ ಬಿಳಿ ಬರುವುದು ಸಹಜ, ಅದು ಮೊಸರಿನಂತೆ ನುಣ್ಣಗಿರಬೇಕು. ಇದನ್ನು ಕಾಗದದ ತುಂಡಿನಲ್ಲಿ ತೆಗೆದು ಉಜ್ಜಿ ನೋಡಿದೆ; ಚಿರೋಟಿ ರವೆಯಂತೆ ತರಿತರಿಯಾಗಿತ್ತು. ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಓಡಿದೆ. ಅವರು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು, ಕುತ್ತಿಗೆಯ ಚರ್ಮವನ್ನೂ ಕಣ್ಣನ್ನೂ ನೋಡಿ, "ರೋಗವೇನೂ ಇಲ್ಲ, ಮರಿ ಒಣಗುತ್ತಿದೆ" ಎಂದರು. ನೀರಿನ ತಟ್ಟೆ ಇದೆಯಲ್ಲ ಎಂದೆ. ಕುಡಿಯುವ ನೀರಿಗಿಂತ ಹೆಚ್ಚು ಉಸಿರಾಟದಲ್ಲಿ, ಚರ್ಮದಲ್ಲಿ ಹೋಗುತ್ತಿದೆ ಎಂದರು. ಮನೆಗೆ ಬಂದು ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಮಾಪಕವನ್ನು ಮರಳಿನ ಮಟ್ಟದಲ್ಲಿ, ಮರಿ ಮಲಗುವ ಜಾಗದಲ್ಲೇ ಇಟ್ಟೆ. ಶೇಕಡಾ 31. ಗೋಡೆಯ ಮಾಪಕ ಆಗಲೂ 60ರಲ್ಲೇ ನಿಂತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು ಊರಿನ ಆಮೆಯನ್ನು ನೆನೆದೆ. ನಾವು ಮಕ್ಕಳು ಆಮೆ ಕಾಣುತ್ತಿದ್ದುದು ಯಾವಾಗ? ಮಳೆ ಬಿದ್ದ ಮರುದಿನ. ಏಪ್ರಿಲ್‌ನ ಸುಡುಬಿಸಿಲಿನಲ್ಲಿ ಒಂದನ್ನೂ ಕಂಡ ನೆನಪಿಲ್ಲ. ಬೆಳೆದ ಆಮೆಯ ಪಾಡೇ ಹೀಗಿರುವಾಗ ಮರಿಯ ಗತಿ ಏನು? ಹರ್ಮನ್ ಆಮೆಯ ಮರಿಯೂ ಕಾಡಿನಲ್ಲಿ ಬಯಲಿಗೆ ಬರುವುದು ಸ್ವಲ್ಪ ಹೊತ್ತು ಮಾತ್ರ. ಬಿಸಿಲು ಕಾಯಿಸಿ, ನಾಲ್ಕು ಎಲೆ ತಿಂದು, ಮತ್ತೆ ಪೊದೆಯ ಬುಡದ ಕೊಳೆತ ಎಲೆಗಳ ನಡುವೆ ಹುದುಗಿಬಿಡುತ್ತದೆ. ಅಲ್ಲಿ ಮಣ್ಣಿನಲ್ಲಿ ತಂಪಿರುತ್ತದೆ, ಗಾಳಿಯಲ್ಲಿ ತೇವವಿರುತ್ತದೆ, ಹಕ್ಕಿಯ ಕಣ್ಣಿಗೆ ಮರೆಯೂ ಇರುತ್ತದೆ. ನಾನು ಅದಕ್ಕೆ ಆ ಪೊದೆಯ ಬುಡವನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಟ್ಟಿದ್ದೆ.

ಶನಿವಾರ ಹೊಸ ಮನೆಗೆ ಕೈಹಾಕಿದೆವು. ಮನೆಯವರು 18 ಮಿಲಿಮೀಟರ್ ಪ್ಲೈವುಡ್ ಕೊಯ್ದು 120 ಸೆಂಟಿಮೀಟರ್ ಉದ್ದ, 60 ಅಗಲದ ತೊಟ್ಟಿ ಮಾಡಿದರು. ಗಾಜಿನ ತೊಟ್ಟಿ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಗಾಜು ಅಡ್ಡವಿದೆ ಎಂದು ಆಮೆಗೆ ತಿಳಿಯುವುದಿಲ್ಲ, ಇಡೀ ದಿನ ಅದಕ್ಕೆ ಮುಖವೊಡ್ಡಿ ತಳ್ಳುತ್ತಲೇ ಇರುತ್ತದೆ. ಒದ್ದೆ ಮಣ್ಣು ತಾಗಿದರೆ ಮರ ಉಬ್ಬುತ್ತದಲ್ಲ, ಅದಕ್ಕೆ ತೋಟದ ಹೊಂಡಕ್ಕೆ ಹಾಸುವ ರಬ್ಬರ್ ಹಾಳೆಯನ್ನು ಒಳಗೆಲ್ಲ ಹೊದಿಸಿದೆವು.

ಮಣ್ಣಿನ ವಿಚಾರದಲ್ಲಿ ಮಾತ್ರ ನಾನು ಯಾರ ಕೈಗೂ ಬಿಡಲಿಲ್ಲ. ಗೊಬ್ಬರ, ಔಷಧಿ ಬೆರೆಸದ ತೋಟದ ಮೇಲ್ಮಣ್ಣು ಎರಡು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಇಟ್ಟಿಗೆಯಂತೆ ಒತ್ತಿದ ನಾರಿನ ಪುಡಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿದಾಗ ಎದ್ದ ವಾಸನೆ ನೇರವಾಗಿ ಊರಿನ ತೆಂಗಿನ ತೋಟದ್ದು. ಎರಡನ್ನೂ ಕೈಯಿಂದ ಕಲಸಿ 10 ಸೆಂಟಿಮೀಟರ್ ದಪ್ಪ ಹರಡಿದೆ. ಹದ ನೋಡುವುದು ಹೀಗೆ: ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಬೆರಳಿನಿಂದ ತಟ್ಟಿದರೆ ಉದುರಬೇಕು. ತಂಬಿಟ್ಟು ಕಟ್ಟಿ ಗೊತ್ತಿರುವವರಿಗೆ ಈ ಹದ ತಾನಾಗಿಯೇ ಸಿಗುತ್ತದೆ.

ನೀರು ಹಾಕುವುದರಲ್ಲೂ ಒಂದು ಕ್ರಮವಿದೆ. ಮೇಲಿನಿಂದ ಚಿಮುಕಿಸಿದರೆ ಮೇಲ್ಪದರ ಮಾತ್ರ ಒದ್ದೆಯಾಗಿ ಗಂಟೆಯೊಳಗೆ ಆರಿಹೋಗುತ್ತದೆ. ಸದಾ ಒದ್ದೆಯಾದ ನೆಲದ ಮೇಲೆ ಮಲಗಿದರೆ ಹೊಟ್ಟೆಯ ಚಿಪ್ಪು ಕೊಳೆಯಲೂಬಹುದು. ನಾನು ನಾಲ್ಕು ಮೂಲೆಗಳಲ್ಲಿ ಒಂದೊಂದು ಲೋಟ ನೀರು ಸುರಿಯುತ್ತೇನೆ. ನೀರು ತಳಕ್ಕಿಳಿದು ಅಲ್ಲಿಂದ ನಿಧಾನವಾಗಿ ಮೇಲಕ್ಕೆ ಆವಿಯಾಡುತ್ತದೆ. ಮೇಲಿನ ಒಂದು ಬೆರಳು ಮಣ್ಣು ಒಣಗಿದಂತೆಯೇ ಇರುತ್ತದೆ. ತಂಪಿನ ಬದಿಯಲ್ಲಿ ಒಡೆದ ಮಣ್ಣಿನ ಕುಂಡದ ಅರ್ಧ ಭಾಗವನ್ನು ಕವುಚಿ ಹಾಕಿ, ಅದರೊಳಗೆ ಒದ್ದೆ ಪಾಚಿ ತುಂಬಿದೆ. ತೊಟ್ಟಿಯ ಮೇಲ್ಭಾಗದ ಮೂರನೆಯ ಎರಡು ಪಾಲಿಗೆ ಪ್ಲಾಸ್ಟಿಕ್ ಹಲಗೆ ಮುಚ್ಚಿದೆ. ದೀಪಗಳಿರುವ ಭಾಗವನ್ನು ಮುಚ್ಚುವಂತಿಲ್ಲ, ಏಕೆಂದರೆ ನೇರಳಾತೀತ ಬೆಳಕು ಗಾಜಿನಿಂದಲೂ ಪ್ಲಾಸ್ಟಿಕ್‌ನಿಂದಲೂ ದಾಟಿ ಬರುವುದಿಲ್ಲವೆಂದೇ ಇಟ್ಟುಕೊಳ್ಳಬೇಕು. ಮರುದಿನ ಬೆಳಿಗ್ಗೆ ಕುಂಡದೊಳಗಿನ ಮಾಪಕ 82 ತೋರಿಸಿತು.

ಚುಕ್ಕಿಯನ್ನು ಇಳಿಸಿದೆವು. ಅದು ನಡೆಯಲಿಲ್ಲ. ಮೂಗನ್ನು ಮಣ್ಣಿಗೆ ತಾಗಿಸಿ ಒಂದು ನಿಮಿಷ ಹಾಗೆಯೇ ನಿಂತಿತು. ಆಮೇಲೆ ಮುಂಗಾಲುಗಳನ್ನು ಒಂದಾದ ಮೇಲೊಂದು ಬೀಸಿ ಅಗೆಯಲು ಶುರುಮಾಡಿತು. ಮಣ್ಣು ಹಿಂದಕ್ಕೆ ಚಿಮ್ಮಿ ಅದರ ಬೆನ್ನಿನ ಮೇಲೆಯೇ ಬೀಳುತ್ತಿತ್ತು. ಹತ್ತು ನಿಮಿಷದಲ್ಲಿ ಚಿಪ್ಪಿನ ಹಿಂಭಾಗದ ಅಂಚು ಮಾತ್ರ ಹೊರಗೆ ಉಳಿಯಿತು. ಮೂರು ವಾರ ಒಣ ಮರಳಿನ ಮೇಲೆ ಅದು ಒಮ್ಮೆಯೂ ಅಗೆದಿರಲಿಲ್ಲ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು.

ಇನ್ನು ದೀಪ. ಎರಡು ಬೇಕು, ಎರಡರ ಕೆಲಸವೂ ಬೇರೆ. ಒಂದು ಶಾಖಕ್ಕೆ, ಒಂದು ನೇರಳಾತೀತ ಬೆಳಕಿಗೆ. ಈ ಎರಡನೆಯದಿಲ್ಲದಿದ್ದರೆ ಮರಿಯ ಮೈಯಲ್ಲಿ ಡಿ3 ಜೀವಸತ್ವ ತಯಾರಾಗದು, ತಿಂದ ಸುಣ್ಣದಂಶ ಮೂಳೆಗೆ ಸೇರದು, ಚಿಪ್ಪು ಮೆತ್ತಗಾಗಿ ಒತ್ತಿದರೆ ತಗ್ಗುವಂತಾಗುತ್ತದೆ. ಉದ್ದನೆಯ ಟಿ5 ಕೊಳವೆ ದೀಪ ಹಾಕಿದ್ದೇನೆ, ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಕಣ್ಣಿಗೆ ಚೆನ್ನಾಗಿ ಉರಿಯುತ್ತಿರುವಂತೆ ಕಂಡರೂ ಒಳಗಿನ ನೇರಳಾತೀತ ಶಕ್ತಿ ಕುಂದಿರುತ್ತದೆ. ಶಾಖದ ದೀಪದಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ನೆಲದ ಮೇಲಿನ ಮಾಪಕ 32 ಡಿಗ್ರಿ ತೋರಿಸುತ್ತಿದ್ದಾಗ ಮರಿಯ ಬೆನ್ನಿಗೆ ಇನ್‌ಫ್ರಾರೆಡ್ ಮಾಪಕ ಹಿಡಿದರೆ 44 ಇತ್ತು! ಒಂದೇ ಬಿಂದುವಿಗೆ ಶಾಖ ಸುರಿಯುವ ಬಲ್ಬ್ ಅದು. ಈಗ ಬೆಳಕು ಅಗಲವಾಗಿ ಹರಡುವ 50 ವ್ಯಾಟ್‌ನ ಹ್ಯಾಲೊಜನ್ ಬಲ್ಬನ್ನು ಸರಪಳಿಯಲ್ಲಿ ತೂಗುಹಾಕಿ, ಥರ್ಮೋಸ್ಟಾಟ್‌ಗೆ ಜೋಡಿಸಿದ್ದೇನೆ. ಕೆಳಗೆ ಚಪ್ಪಟೆ ಕಲ್ಲು. ಬೆನ್ನಿನ ಎತ್ತರದಲ್ಲಿ 33 ಡಿಗ್ರಿ, ತಂಪಿನ ತುದಿಯಲ್ಲಿ 21. ಸಂಜೆ ಎಲ್ಲ ಆರಿಸುತ್ತೇನೆ. ಮನೆಯೊಳಗೆ ರಾತ್ರಿ 16ಕ್ಕೆ ಇಳಿದರೂ ಅದಕ್ಕೆ ತೊಂದರೆಯಿಲ್ಲ. ನೆಲದಡಿ ಇಡುವ ಬಿಸಿ ಚಾಪೆಯನ್ನು ವಾಪಸು ಕೊಟ್ಟೆ. ಆಮೆಗೆ ಶಾಖ ಬರುವುದು ಮೇಲಿನ ಸೂರ್ಯನಿಂದ. ಬಿಸಿಯಾದಾಗ ಅದು ಕೆಳಕ್ಕೆ ಅಗೆದು ತಂಪು ಹುಡುಕುತ್ತದೆ. ಕೆಳಗಡೆಯೇ ಕಾದಿದ್ದರೆ ಎಲ್ಲಿಗೆ ಹೋಗಬೇಕು?

ದೀಪದ ಕೆಳಗೆ ಮಗುಚಿ ಬೀಳುವುದು ಮರಿಗಳಿಗೆ ನಿಜವಾದ ಪ್ರಾಣಾಪಾಯ. ಒಮ್ಮೆ ಚುಕ್ಕಿ ಮೂಲೆಯ ಗೋಡೆ ಹತ್ತಲು ಹೋಗಿ ಅಂಗಾತ ಬಿದ್ದಿತ್ತು, ನಾನು ಪಕ್ಕದ ಕೋಣೆಯಲ್ಲೇ ಇದ್ದುದರಿಂದ ಉಳಿಯಿತು. ಅಂದೇ ನಾಲ್ಕೂ ಮೂಲೆಗಳಿಗೆ ಅಡ್ಡ ಹಲಗೆ ಹೊಡೆದು ಚೂಪು ಕೋನಗಳನ್ನು ಮುರಿದೆವು. ದೀಪದ ಸುತ್ತ ಅಂಗೈಯಗಲದ ಒರಟು ಕಲ್ಲುಗಳನ್ನು ಹುಗಿದಿಟ್ಟೆ. ಬಿದ್ದರೂ ಕಾಲಿಗೆ ಒಂದು ಆಸರೆ ಸಿಕ್ಕರೆ ತಾನೇ ಹೊರಳಿಕೊಳ್ಳುತ್ತದೆ. ನೀರಿನ ಪಾತ್ರೆ ಕುಂಡದಡಿಯ ಮಣ್ಣಿನ ತಟ್ಟೆ. ನೀರು ಅದರ ಗದ್ದಕ್ಕಿಂತ ಮೇಲೆ ಬರಬಾರದು.

ಇದಲ್ಲದೆ ದಿನವೂ ಬೆಳಿಗ್ಗೆ 15 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸುತ್ತೇನೆ. ಅಮ್ಮ ವಿಡಿಯೊ ಕರೆಯಲ್ಲಿ ಮೊದಲ ಸಲ ನೋಡಿದಾಗ, "ಎಳೆಕೂಸಿಗೆ ಎರೆದ ಹಾಗೆ ಎರೆಯುತ್ತೀಯಲ್ಲೇ" ಎಂದರು. ನೀರಿಗಿಳಿದ ಕೂಡಲೇ ಅದು ಕುತ್ತಿಗೆ ಚಾಚಿ, ಮೂತಿ ಮುಳುಗಿಸಿ ಕುಡಿಯುತ್ತದೆ. ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತದೆ. ಆ ಬಟ್ಟಲನ್ನು ಅಡುಗೆಮನೆಗೆ ತರುವುದಿಲ್ಲ. ತಕ್ಕಡಿಯ ಮೇಲೂ ಅದಕ್ಕೆಂದೇ ಬೇರೆ ಡಬ್ಬಿ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲ ರೋಗಾಣು ಇರಬಹುದಾದ್ದರಿಂದ ಮಗಳು ಮುಟ್ಟಿದಾಗಲೆಲ್ಲ ಸೋಪು ಹಚ್ಚಿ ಕೈ ತೊಳೆಯಬೇಕೆಂಬುದು ನಮ್ಮ ಮನೆಯ ಕಟ್ಟುನಿಟ್ಟು.

ಊಟಕ್ಕೆ ಇಲ್ಲಿನ ಹಿತ್ತಲಿನ ಕಳೆಗಳೇ ಸಾಕು: ಡ್ಯಾಂಡೆಲಿಯನ್ ಎಲೆ, ಹೂವು, ಕ್ಲೋವರ್, ಕಿಟಕಿಯ ಬಳಿಯ ಕುಂಡದಲ್ಲಿ ಬೆಳೆಸಿದ ದಾಸವಾಳದ ಎಲೆ. ದಾಸವಾಳದ ಹೂವು ಅರಳಿದ ದಿನ ದೇವರಿಗೊಂದು, ಚುಕ್ಕಿಗೊಂದು. ಪಾಲಕ್, ಹಣ್ಣು, ಬರೀ ಸೌತೆಕಾಯಿ ಬೇಡ. ಸುಣ್ಣದಂಶದ ಪುಡಿಯನ್ನು ಎಲೆಯ ಮೇಲೆ ಚಿಟಿಕೆಯಷ್ಟು ಉದುರಿಸುತ್ತೇನೆ.

ತೇವದ ವಿಷಯಕ್ಕೆ ಇನ್ನೊಂದು ಮಾತು ಸೇರಿಸಬೇಕು. ಸಾಕಿದ ಆಮೆಗಳ ಬೆನ್ನಿನ ಮೇಲೆ ಗೋಪುರಗಳಂತೆ ಉಬ್ಬು ಏಳುವುದನ್ನು ಕಂಡಿರಬಹುದು. ಹೆಚ್ಚು ತಿನ್ನಿಸಿದ್ದರಿಂದ ಹಾಗಾಗುತ್ತದೆಂದು ಬಹುಕಾಲ ಹೇಳುತ್ತಿದ್ದರು. ಆಫ್ರಿಕಾದ ಸುಲ್ಕಾಟ ಆಮೆಮರಿಗಳ ಮೇಲೆ ವಿಯೆನ್ನಾದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಹಾರದ ಪ್ರೋಟೀನಿಗಿಂತ ಸುತ್ತಲಿನ ಒಣಹವೆಯೇ ಅದಕ್ಕೆ ಮುಖ್ಯ ಕಾರಣವೆಂದು ತೋರಿಸಿತು. ಒಮ್ಮೆ ಎದ್ದ ಉಬ್ಬು ಇಳಿಯುವುದಿಲ್ಲ. ಚುಕ್ಕಿಯ ಬೆನ್ನಿನ ನಡುವೆ ಮೊದಲ ತಿಂಗಳ ಗುರುತಾಗಿ ಒಂದು ಸಣ್ಣ ದಿಣ್ಣೆ ಉಳಿದಿದೆ, ಬೆರಳಾಡಿಸಿದರೆ ತಿಳಿಯುತ್ತದೆ. ಅದರ ಸುತ್ತ ಆಮೇಲೆ ಬೆಳೆದದ್ದೆಲ್ಲ ನುಣುಪಾಗಿದೆ.

ಹೊಸ ಮನೆಗೆ ಬಂದ ಹನ್ನೊಂದನೆಯ ದಿನ ತೂಕ 38ಕ್ಕೆ ಮರಳಿತು. ಈಗ ಒಂದು ವರ್ಷವಾಗಿದೆ, 91 ಗ್ರಾಂ. ಬೇಸಿಗೆಯ ಒಳ್ಳೆಯ ದಿನಗಳಲ್ಲಿ ಹಿತ್ತಲಿನ ಆವರಣಕ್ಕೆ ಬಿಡುತ್ತೇವೆ. ನರಿ, ಮ್ಯಾಗ್‌ಪೈ ಹಕ್ಕಿಗಳ ಕಾಟದಿಂದಾಗಿ ಮೇಲೆ ತಂತಿಬಲೆ ಹೊದಿಸಿದ್ದೇವೆ, ಒಳಗೆ ಲ್ಯಾವೆಂಡರ್ ಗಿಡ ನೆಟ್ಟಿದ್ದೇವೆ. ಅದರ ಬುಡಕ್ಕೆ ದಿನವೂ ಎರಡು ಲೋಟ ನೀರು ಹಾಕುವುದು ಮಗಳ ಕೆಲಸ. ಹೊಟ್ಟೆಯ ಚಿಪ್ಪಿನ ಉದ್ದ 100 ಮಿಲಿಮೀಟರ್ ಮುಟ್ಟಿದಾಗ ಗುರುತಿಗಾಗಿ ಮೈಕ್ರೊಚಿಪ್ ಹಾಕಿಸಬೇಕು. ನಿನ್ನೆ ಅವಳು ಸ್ಕೇಲು ಹಿಡಿದು ಅಳೆದಾಗ 64 ಇತ್ತು.