ಗುಂಡು ಕಾಂಡದ ಜೇಕು: ಗುರುತು ಹಿಡಿಯುವುದು, ಬೀಜದಿಂದ ಬೆಳೆಸುವುದು

ಬೆಂಗಳೂರಿನ ಕೆರೆಗಳಲ್ಲಿ ಎತ್ತರವಾಗಿ ಬೆಳೆದದ್ದನ್ನೆಲ್ಲ ಜೊಂಡು ಎಂದುಬಿಡುವುದು ರೂಢಿ. ಅದರಲ್ಲಿ ಬಹುಪಾಲು ಆಪು (ಟೈಫಾ). ಹುಲ್ಲನ್ನು ಹೋಲುವ ಜೇಕುಗಳನ್ನು (ಸೆಜ್) ನೋಡಬೇಕೆಂದರೆ ನೀರು ಇಳಿದಾಗ ಬಯಲಾಗುವ ಕೆಸರಿನ ಅಂಚಿಗೆ ಹೋಗಬೇಕು. ಅಲ್ಲಿಂದ ಬೀಜ ತಂದು ನಾನು ಬೆಳೆಸುತ್ತಿರುವುದು ಸ್ಕೀನೋಪ್ಲೆಕ್ಟಿಯೆಲ್ಲ ಆರ್ಟಿಕ್ಯುಲೇಟ ಎಂಬ ಗುಂಡು ಕಾಂಡದ ಜೇಕು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಸ್ಕಿರ್ಪಸ್ ಆರ್ಟಿಕ್ಯುಲೇಟಸ್ ಎಂದು ಕರೆದಿದ್ದ. ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಂಥ (ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿಡುವ ಸಂಗ್ರಹ) ಕಡೆ ಹಳೆಯ ಹಾಳೆಗಳನ್ನು ಹುಡುಕುವವರು ಆ ಹೆಸರಿನಲ್ಲೂ, ನಡುವೆ ಬಳಕೆಯಲ್ಲಿದ್ದ ಸ್ಕೀನೋಪ್ಲೆಕ್ಟಸ್ ಹೆಸರಿನಲ್ಲೂ ನೋಡಬೇಕು.

ಜೇಕಿನ ಕಾಂಡಕ್ಕೆ ಮೂರು ಮೂಲೆ ಎಂದು ಕಲಿತವರು ಇಲ್ಲಿ ಎಡವುತ್ತಾರೆ. ಇದರ ಕಾಂಡ ಗುಂಡು, ಒಳಗೆ ಬೆಂಡು. ಎಲೆಗಳು ಬುಡದ ಒರೆಗಳಷ್ಟೇ. ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಮೇಲಕ್ಕೆ ಜಾರಿಸಿ, ಒಳಗೆ ಅಡ್ಡಲಾಗಿರುವ ಪೊರೆಗಳು (ಅಡ್ಡಪೊರೆಗಳು) ಸಣ್ಣ ಗಂಟುಗಳ ಹಾಗೆ ತಾಗುತ್ತವೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಬಿಳಿ ಕೋಣೆಗಳು ಏಣಿಯ ಮೆಟ್ಟಿಲುಗಳಂತೆ ಸಾಲಾಗಿ ಕಾಣುತ್ತವೆ. ಒಣಗಿದ ಗಿಡದಲ್ಲಿ ಇದೇ ಪೊರೆಗಳು ಹೊರಗಿನಿಂದಲೇ ಉಂಗುರದಂತೆ ಎದ್ದು ತೋರುತ್ತವೆ.

ಹೂವಿನ ಗೊಂಚಲು ಕಾಂಡದ ಪಕ್ಕದಲ್ಲಿ, ಎಷ್ಟೋ ಸಲ ನಡುವಿಗಿಂತ ಕೆಳಗೆ, ಒತ್ತಾಗಿ ಕುಳಿತಿರುತ್ತದೆ. ನಿಜವಾಗಿ ಕಾಂಡ ಮುಗಿಯುವುದು ಅಲ್ಲೇ. ಅದರ ಮೇಲೆ ನೆಟ್ಟಗೆ ನಿಂತಿರುವುದು ಗೊಂಚಲಿನ ಬುಡದಿಂದ ಏಳುವ ಎಲೆ (ಬ್ರಾಕ್ಟ್). ಅದೂ ಗುಂಡಗೆ, ಅಡ್ಡಪೊರೆಗಳ ಸಮೇತ ಇರುವುದರಿಂದ ಕಾಂಡವೇ ಮುಂದುವರಿದಂತೆ ಕಾಣುತ್ತದೆ. ಎಲಿಯೋಕಾರಿಸ್ ಡಲ್ಸಿಸ್ ಎಂಬ ಇನ್ನೊಂದು ಜೇಕಿನ ಕಾಂಡದಲ್ಲೂ ಅಡ್ಡಪೊರೆಗಳಿವೆ, ಆದರೆ ಅದಕ್ಕೆ ತುದಿಯಲ್ಲಿ ಒಂದೇ ತೆನೆ. ಸ್ಕೀನೋಪ್ಲೆಕ್ಟಿಯೆಲ್ಲ ಮ್ಯುಕ್ರೊನೇಟದಲ್ಲಿ ಗೊಂಚಲು ಪಕ್ಕಕ್ಕೇ ಬಂದರೂ ಕಾಂಡ ಮೂರು ಮೂಲೆಯದು. ಹೂವಿಲ್ಲದ ಗಿಡಕ್ಕೆ ನಾನು ಹೆಸರು ಹೇಳುವುದಿಲ್ಲ. ಬಲಿತ ಕಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ, ಮೂರು ಮುಖದ ಕಪ್ಪು ಬೀಜ ಸಿಕ್ಕ ಮೇಲೆಯೇ ಲೇಬಲ್ ಬರೆಯುತ್ತೇನೆ.

ಬೀಜ ತೆಗೆಯಲು ಕೆರೆ ನೋಡಿಕೊಳ್ಳುವವರ ಒಪ್ಪಿಗೆ ಪಡೆಯಬೇಕು. ಕಂದು ಬಣ್ಣಕ್ಕೆ ತಿರುಗಿದ ಗೊಂಚಲನ್ನು ಅಂಗೈಯಲ್ಲಿ ಉಜ್ಜಿದಾಗ ಕಪ್ಪು ಬೀಜ ಉದುರಿದರೆ ಬಲಿತಿದೆ. ಹಸಿರು ಬೀಜ ಬಂದರೆ ಇನ್ನೂ ಬಿಡಬೇಕು. ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಗೆ ಹಾಕಿ, ಕೆರೆಯ ಹೆಸರು, ತಾರೀಕು, ಗಿಡ ನಿಂತಿದ್ದ ನೀರಿನ ಆಳ ಬರೆದಿಡುತ್ತೇನೆ. ಪ್ಲಾಸ್ಟಿಕ್ ಕವರ್ ಬೇಡ, ಬೂಸ್ಟು ಬರುತ್ತದೆ.

ಬಿತ್ತನೆ ಮೇ ಕೊನೆಯಲ್ಲಿ. ಹಗಲು ಬಿಸಿ, ರಾತ್ರಿ ತಂಪು ಎಂಬ ಏರಿಳಿತ ಮೊಳಕೆಗೆ ಒಳ್ಳೆಯದು. ಮೂರು ಪಾಲು ಕೆರೆಗೋಡಿಗೆ (ಕೆರೆಯ ಹೂಳು) ಒಂದು ಪಾಲು ಮರಳು ಬೆರೆಸಿ ಆರು ಇಂಚಿನ ಕುಂಡ ತುಂಬಿ. ಗೋಡಿನಲ್ಲೇ ಬೇರೆ ಜೇಕುಗಳ ಬೀಜ ಇರುತ್ತದೆ. ಮೇಲಿನ ಎರಡು ಬೆರಳಿನಷ್ಟು ಮಣ್ಣಿಗೆ ಕುದಿಯುವ ನೀರು ಸುರಿದು ಆರಲು ಬಿಡದಿದ್ದರೆ ಹುಟ್ಟಿದ್ದು ಯಾವುದು ಎಂದೇ ತಿಳಿಯುವುದಿಲ್ಲ. ಸಗಣಿ ಗೊಬ್ಬರ, ಕಾಂಪೋಸ್ಟ್ ಬೆರೆಸಬೇಡಿ. ನೆನೆದ ಮಣ್ಣಿನಲ್ಲಿ ಅವು ಕೊಳೆತು ನಾರುತ್ತವೆ, ಪಾಚಿಗೂ ಊಟವಾಗುತ್ತವೆ.

ಒಂದು ಚಿಟಿಕೆ ಬೀಜವನ್ನು ಮೇಲೆ ಉದುರಿಸಿ ಹಲಗೆಯಿಂದ ಒತ್ತಿದರೆ ಸಾಕು. ಮಣ್ಣು ಮುಚ್ಚಬಾರದು, ಇದಕ್ಕೆ ಬೆಳಕು ಬೇಕು. ಕುಂಡವನ್ನು ಟ್ರೇಯಲ್ಲಿಟ್ಟು, ಮಣ್ಣಿನ ಮೇಲ್ಮೈಗಿಂತ ಒಂದು ಇಂಚು ಕೆಳಗಿರುವಂತೆ ನೀರು ನಿಲ್ಲಿಸಿ. ಮೇಲಿಂದ ಸುರಿದರೆ ಬೀಜವೆಲ್ಲ ತೇಲಿ ಒಂದು ಮೂಲೆಗೆ ಸೇರುತ್ತದೆ.

ಎಳೆ ಸಸಿ ಕೂದಲೆಳೆಯಂಥ ಹುಲ್ಲು. ಕಳೆ ಎಂದು ಕಿತ್ತುಬಿಡುವ ಸಾಧ್ಯತೆ ಹೆಚ್ಚು, ಗುಂಡು ಕಾಂಡ ಮೂಡುವವರೆಗೂ ಮುಟ್ಟಬೇಡಿ. ಈ ಹಂತದಲ್ಲೇ ಹೆಚ್ಚು ಸಸಿ ಹೋಗುವುದು. ಹಸಿರು ಪಾಚಿ ಚಾಪೆಯಂತೆ ಹಬ್ಬಿ ಸಸಿಯನ್ನು ಮಲಗಿಸುತ್ತದೆ. ಎಳೆದು ತೆಗೆದರೆ ಸಸಿಯೂ ಜೊತೆಗೆ ಬರುತ್ತದೆ. ನೀರನ್ನು ಇಳಿಸಿ, ಮೇಲ್ಮೈ ಒಂದಿಷ್ಟು ಆರಲು ಬಿಟ್ಟರೆ ಪಾಚಿ ತಾನೇ ಸುರುಟಿಕೊಳ್ಳುತ್ತದೆ.

ನಾಲ್ಕು ಇಂಚು ಬೆಳೆದ ಮೇಲೆ ಅಗಲವಾದ ಟಬ್ಬಿಗೆ, ಪೂರ್ತಿ ಬಿಸಿಲಿಗೆ. ವಾರಕ್ಕೆ ಅರ್ಧ ಇಂಚಿನಂತೆ ನೀರು ಏರಿಸುತ್ತೇನೆ, ಗಿಡದ ಮೂರನೇ ಒಂದು ಭಾಗಕ್ಕಿಂತ ಮೇಲೆ ಎಂದೂ ಇಲ್ಲ. ತುದಿ ಮುಳುಗಿದರೆ ಬೇರಿಗೆ ಗಾಳಿ ಇಳಿಯುವ ದಾರಿ ಮುಚ್ಚಿ ಬುಡ ಕೊಳೆಯುತ್ತದೆ. ಸೊಳ್ಳೆಗೆ ನಾಲ್ಕೈದು ಗಪ್ಪಿ ಮೀನು ಸಾಕು, ಆದರೆ ಆ ಟಬ್ಬಿನ ನೀರನ್ನು ಕೆರೆಗೆ ಚೆಲ್ಲಬಾರದು. ಬೀಜ ಕಟ್ಟಿದ ಮೇಲೆ ಗಿಡ ಹಳದಿಯಾಗಿ ಒಣಗುವುದು ರೋಗವಲ್ಲ. ಇದು ಒಂದೇ ವರ್ಷದ ಗಿಡ, ಔಷಧಿ ಸಿಂಪಡಿಸುವ ಮೊದಲು ಬೀಜ ತೆಗೆದುಕೊಳ್ಳಿ.

ಕೆರೆಯಂಗಳಕ್ಕೆ ಒಯ್ಯುವವರು ಜಾಗವನ್ನು ಮೊದಲು ನೋಡಬೇಕು. ಸುತ್ತ ಕಲ್ಲು ಕಟ್ಟಿ ಅಂಚು ಕಡಿದಾಗಿಸಿದ ಕೆರೆಯಲ್ಲಿ, ಸಂಸ್ಕರಿಸಿದ ನೀರು ವರ್ಷಪೂರ್ತಿ ಒಂದೇ ಮಟ್ಟದಲ್ಲಿ ನಿಲ್ಲುವ ಕಡೆ ಇದು ಉಳಿಯುವುದಿಲ್ಲ. ಮೊಳೆಯಲು ಬರಿ ಕೆಸರು ಸಿಗದು, ಬೇರಿನಿಂದಲೇ ಹಬ್ಬುವ ಆಪು ಜಾಗ ಹಿಡಿಯುತ್ತದೆ. ಅಂಚು ಇಳಿಜಾರಾಗಿರುವ, ಬೇಸಿಗೆಗೆ ಕೆಸರು ಬಯಲಾಗುವ ಕಡೆ ಒಂದೊಂದು ಅಡಿಗೆ ಒಂದು ಸಸಿ ನೆಟ್ಟು, ಬೇರೂರುವವರೆಗೆ ಬಿದಿರಿನ ತಡಿಕೆ ಕಟ್ಟಿ. ಇಲ್ಲದಿದ್ದರೆ ಜಂಬುಕೋಳಿಗಳು ಬುಡದ ಬೆಂಡಿಗಾಗಿ ಕಿತ್ತು ಹಾಕುತ್ತವೆ.